ಬೊಂಬೆ ಚಿಕ್ಕದಾದರೆ ಗುಂಡಿನ ದೂರವೂ ಚಿಕ್ಕದಾಗಬೇಕೆ?

ಇಂಚು ಎಂದಿರುವಲ್ಲೆಲ್ಲ ಸೆಂಟಿಮೀಟರ್ ಎಂದು ಓದಿಕೊಳ್ಳಿ. ದೊಡ್ಡ ಬೊಂಬೆಗಳಿಗಾಗಿ ಬರೆದ ಯುದ್ಧದಾಟದ ನಿಯಮಗಳನ್ನು ಸಣ್ಣ ಬೊಂಬೆಗಳಿಗೆ ಒಗ್ಗಿಸುವುದು ಹೇಗೆ ಎಂದು ಆಡುವವರನ್ನು ಕೇಳಿದರೆ ಮೊದಲು ಸಿಗುವ ಉತ್ತರ ಇದು. ನೆನಪಿಡುವುದು ಸುಲಭ. ಅಳತೆಯ ಟೇಪನ್ನು ಮಗುಚಿ ಹಿಡಿದರೆ ಕೆಲಸ ಮುಗಿಯಿತು, ಪುಸ್ತಕದ ಒಂದಕ್ಷರವನ್ನೂ ತಿದ್ದಬೇಕಿಲ್ಲ. ಅನುವಾದವನ್ನು ನಂಬಿ ಹೊಟ್ಟೆ ಹೊರೆಯುವ ನನಗೆ ಇಂಥ ಸಲೀಸು ಉತ್ತರ ಕಂಡರೆ ಅನುಮಾನ. ಒಂದು ಪದ ತೆಗೆದು ಇನ್ನೊಂದು ಪದ ಇಡುತ್ತ ಹೋದರೆ ಅನುವಾದ ಆಗಿಬಿಡುತ್ತದೆ ಎನ್ನುವವರ ಮಾತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಬೊಂಬೆಯ ಅಳತೆ ಬದಲಾದಾಗ ನಿಯಮವನ್ನು ಭಾಗಿಸಬಾರದು, ಹೊಸದಾಗಿ ಬರೆಯಬೇಕು ಎನ್ನುವುದು ನನ್ನ ವಾದ. ಏಕೆ ಎಂದು ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಮೇಜಿನ ಮೇಲೆ ಗುಡ್ಡ, ಗೋಡೆ, ಮರ, ಮನೆಗಳನ್ನು ಜೋಡಿಸಿ, ಬಣ್ಣ ಬಳಿದ ಪುಟ್ಟ ಸೈನಿಕರನ್ನು ಎರಡೂ ಕಡೆ ನಿಲ್ಲಿಸಿ, ಟೇಪಿನಲ್ಲಿ ದೂರ ಅಳೆದು, ದಾಳ ಉರುಳಿಸಿ ಕಾದಾಡುವ ಆಟ ಇದು. ಚದುರಂಗದ ದೂರದ ನೆಂಟ, ಆದರೆ ಚೌಕಗಳಿಲ್ಲ. ಇದರಲ್ಲಿ ಒಂದು ಬಗೆ ಇಡೀ ಸೈನ್ಯಗಳ ಯುದ್ಧ. ಇನ್ನೊಂದು ಹತ್ತಿಪ್ಪತ್ತು ಜನರ ಹೊಡೆದಾಟ, ಇಂಗ್ಲಿಷಿನಲ್ಲಿ ಸ್ಕರ್ಮಿಶ್. ಇದನ್ನು ಕನ್ನಡದಲ್ಲಿ ಏನೆನ್ನಬೇಕು? ಯುದ್ಧ ಎಂದರೆ ಅತಿಯಾಯಿತು, ಜಗಳ ಎಂದರೆ ಬೀದಿಗೆ ಬಂತು. ಪತ್ರಿಕೆಗಳು ಗಡಿಯ ಸುದ್ದಿಗೆ ಬಳಸುವ ‘ಚಕಮಕಿ’ ನನಗೆ ಹಿಡಿಸಿದೆ. ತುರ್ಕಿ ಮೂಲದ ಈ ಪದ ನಮ್ಮಲ್ಲಿ ಬೆಂಕಿ ಹೊತ್ತಿಸುವ ಕಲ್ಲಿಗೂ ಹೆಸರಾಗಿದೆ. ತಾಗಿತು, ಕಿಡಿ ಹಾರಿತು, ಆರಿತು. ಅಷ್ಟೇ ಹೊತ್ತಿನ ಕಾಳಗ. ಚಕಮಕಿ ಆಟದಲ್ಲಿ ಒಂದು ಬೊಂಬೆ ಎಂದರೆ ಒಬ್ಬ ಮನುಷ್ಯ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಇಂಥ ಆಟಗಳ ನಿಯಮ ಪುಸ್ತಕಗಳಲ್ಲಿ ಬಹುಪಾಲು 28 ಮಿ.ಮೀ. ಎತ್ತರದ ಬೊಂಬೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಆ ಬೊಂಬೆಯ ಪೀಠ ಹೆಚ್ಚುಕಡಿಮೆ ನಮ್ಮ ಎರಡು ರೂಪಾಯಿ ನಾಣ್ಯದಷ್ಟಿರುತ್ತದೆ. ಅದಕ್ಕಿಂತ ಸಣ್ಣವು 15 ಮಿ.ಮೀ., 10-12 ಮಿ.ಮೀ., ಕೊನೆಗೆ 6 ಮಿ.ಮೀ.; ಈ ಕೊನೆಯದು ಒಂದು ಅಕ್ಕಿಕಾಳಿನಷ್ಟು. ದೊಡ್ಡದು ಬಿಟ್ಟು ಸಣ್ಣದರ ಗೊಡವೆ ಏಕೆ ಎಂದರೆ ನಮ್ಮ ಮನೆಗೆ ಬಂದು ನೋಡಿ. ನಾನಿರುವುದು ಸೂರತ್ ಹತ್ತಿರದ ಹಜೀರಾದಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಪುಸ್ತಕಗಳು ಆರಡಿ ಉದ್ದ, ನಾಲ್ಕಡಿ ಅಗಲದ ಮೇಜೊಂದು ಎಲ್ಲರ ಬಳಿಯೂ ಇರುತ್ತದೆ ಎಂದು ನಂಬಿವೆ. ನಮ್ಮ ಊಟದ ಮೇಜು ನಾಲ್ಕಡಿಗೆ ಎರಡೂವರೆ ಅಡಿ, ರಾತ್ರಿ ಎಂಟೂವರೆಗೆ ಅದರ ಮೇಲೆ ಚಪಾತಿಯ ಡಬ್ಬಿ ಬರಲೇಬೇಕು. ವಿದೇಶದಿಂದ ಒಂದು ಪೆಟ್ಟಿಗೆ ಬೊಂಬೆ ತರಿಸಿದರೆ ಅಂಚೆ ವೆಚ್ಚ ಮತ್ತು ಸುಂಕ ಸೇರಿ ತಿಂಗಳ ಕಿರಾಣಿ ಲೆಕ್ಕವನ್ನೇ ಅಲ್ಲಾಡಿಸುತ್ತದೆ. ದೊಡ್ಡ ಕ್ಲಬ್ಬುಗಳಿರುವ ದೇಶಗಳಲ್ಲಿ ಸಣ್ಣ ಬೊಂಬೆ ಎನ್ನುವುದು ಅಭಿರುಚಿಯ ಪ್ರಶ್ನೆ. ನಮ್ಮಲ್ಲಿ ಅದು ಜಾಗದ ಪ್ರಶ್ನೆ, ದುಡ್ಡಿನ ಪ್ರಶ್ನೆ. ಹಾಗಾಗಿ ನಿಯಮವನ್ನು ಸರಿಯಾಗಿ ಕಿರಿದು ಮಾಡಲು ಬರುವುದು ಎಂದರೆ ನಮ್ಮಂಥವರು ಆಡಲು ಸಾಧ್ಯವಾಗುವುದು ಎಂದೇ ಅರ್ಥ.

ಈಗ ಲೆಕ್ಕಕ್ಕೆ ಬರೋಣ. ‘ಬೋಲ್ಟ್ ಆಕ್ಷನ್’ ಎಂಬ ಹೆಸರಾಂತ ಎರಡನೇ ಮಹಾಯುದ್ಧದ ಆಟ 2012ರಲ್ಲಿ ಬಂತು. ಅದರಲ್ಲಿ ರೈಫಲ್ಲಿನ ಗುಂಡು ಹೋಗುವ ದೂರ 24 ಇಂಚು. 28 ಮಿ.ಮೀ. ಬೊಂಬೆಯನ್ನು ಸಾಮಾನ್ಯವಾಗಿ 1:56 ಪ್ರಮಾಣ ಎಂದು ಹಿಡಿಯುತ್ತಾರೆ. 24ನ್ನು 56ರಿಂದ ಗುಣಿಸಿದರೆ 1344 ಇಂಚು, ಎಂದರೆ 112 ಅಡಿ, ಸುಮಾರು 34 ಮೀಟರ್. ಎರಡು ಕ್ರಿಕೆಟ್ ಪಿಚ್ಚಿನಷ್ಟು ಕೂಡ ಇಲ್ಲ. ನೂರಾರು ಮೀಟರ್ ದೂರದ ಗುರಿಗೆ ಹೊಡೆಯಲೆಂದೇ ಮಾಡಿದ ರೈಫಲ್ಲು ಈ ಮೇಜಿನ ಮೇಲೆ ಬೌಲರನ ರನ್‌ಅಪ್ ದಾಟಿ ಸ್ವಲ್ಪ ದೂರ ಹೋಗಿ ಬಿದ್ದುಬಿಡುತ್ತದೆ. ಬರೆದವರಿಗೆ ಇದು ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ನಿಜವಾದ ದೂರ ಇಟ್ಟರೆ ಮೇಜಿನ ಒಂದು ತುದಿಯಿಂದ ಎಲ್ಲರೂ ಎಲ್ಲರನ್ನೂ ಮೊದಲ ಸರದಿಯಲ್ಲೇ ಕೊಂದು ಮುಗಿಸುತ್ತಾರೆ, ಆಟವೇ ಉಳಿಯುವುದಿಲ್ಲ. ಹಾಗಾಗಿ ದೂರವನ್ನು ಮೇಜಿಗೆ ತಕ್ಕಂತೆ ಮಡಿಚಿದರು, ಬೊಂಬೆಯನ್ನು ಕಣ್ಣಿಗೆ ಚಂದ ಕಾಣುವಷ್ಟು ದೊಡ್ಡದಾಗಿ ಇಟ್ಟರು. ಬೊಂಬೆಯ ಪ್ರಮಾಣ ಬೇರೆ, ನೆಲದ ಪ್ರಮಾಣ ಬೇರೆ. ಅವೆರಡಕ್ಕೂ ಮೂಲದಲ್ಲೇ ಹೊಂದಿಕೆ ಇರಲಿಲ್ಲ.

ಇದು ಇನ್ನೂ ಸ್ಪಷ್ಟವಾಗಬೇಕಾದರೆ ನಮ್ಮೂರಿನ ತೋಪನ್ನೇ ತೆಗೆದುಕೊಳ್ಳಿ. ಕೊರಿಯಾದ ಕೆ9 ಥಂಡರ್ ತೋಪಿನ ಭಾರತೀಯ ರೂಪವಾದ ಕೆ9 ವಜ್ರ ತಯಾರಾಗುವುದು ಇಲ್ಲೇ ಹಜೀರಾದ ಎಲ್ ಆ್ಯಂಡ್ ಟಿ ಘಟಕದಲ್ಲಿ. 155 ಮಿ.ಮೀ. ತೋಪು, ಗುಂಡು 40 ಕಿ.ಮೀ. ಹತ್ತಿರ ಹೋಗುತ್ತದೆ. 28 ಮಿ.ಮೀ. ಬೊಂಬೆಗಳ ಪಕ್ಕದಲ್ಲಿ ಇದರ ಮಾದರಿ ಇಟ್ಟು ಪ್ರಮಾಣಬದ್ಧವಾಗಿ ಆಡುತ್ತೇನೆಂದರೆ ಗುರಿಯನ್ನು 700 ಮೀಟರ್‌ಗೂ ಆಚೆ ಇಡಬೇಕು. 6 ಮಿ.ಮೀ.ಗೆ ಇಳಿಸಿದರೂ 130 ಮೀಟರ್ ದಾಟುತ್ತದೆ. ಎದುರಾಳಿಯ ಮೇಜು ಪಕ್ಕದ ಬ್ಲಾಕಿನಲ್ಲಿರಬೇಕಾಗುತ್ತದೆ! ಮೇಜಿನಾಟದಲ್ಲಿ ದೂರ ಎನ್ನುವುದು ಎಂದಿಗೂ ಒಂದು ಒಪ್ಪಂದ ಮಾತ್ರ.

ಹೀಗಿರುವಾಗ ಇಂಚಿನ ಜಾಗದಲ್ಲಿ ಸೆಂಟಿಮೀಟರ್ ಇಟ್ಟರೆ ಏನಾಗುತ್ತದೆ ನೋಡಿ. 12 ಮಿ.ಮೀ. ಬೊಂಬೆಯ ಪ್ರಮಾಣ ಸುಮಾರು 1:144. ರೈಫಲ್ಲಿಗೆ 24 ಸೆಂ.ಮೀ. ಕೊಟ್ಟರೆ ಅದು ನೆಲದ ಮೇಲೆ 34 ಮೀಟರಿನ ಚಿಲ್ಲರೆ. ಮೊದಲಿದ್ದ ಅದೇ 34! ಮೂಲದವರು ಮೇಜಿನ ಇಕ್ಕಟ್ಟಿಗಾಗಿ ಮಾಡಿಕೊಂಡ ರಾಜಿಯನ್ನು ನಾವು ಅಷ್ಟೇ ನಿಷ್ಠೆಯಿಂದ ನಕಲು ಮಾಡಿದಂತಾಯಿತು. ಇಂಚನ್ನು ಇಂಚಾಗಿಯೇ ಬಿಟ್ಟಿದ್ದರೆ 15 ಮಿ.ಮೀ. ಬೊಂಬೆಗೆ ಅದೇ 24 ಇಂಚು 61 ಮೀಟರ್ ಆಗುತ್ತಿತ್ತು, 6 ಮಿ.ಮೀ. ಬೊಂಬೆಗೆ 183 ಮೀಟರ್. ಬೊಂಬೆಯನ್ನು ಚಿಕ್ಕದು ಮಾಡುವುದರ ದೊಡ್ಡ ಲಾಭವೇ ಇದು: ನೆಲ ದೊಡ್ಡದಾಗುತ್ತದೆ. ಬಯಲು ಬಯಲಿನಂತೆ ಕಾಣುತ್ತದೆ, ಓಣಿ ಓಣಿಯಂತೆ. ಆ ಲಾಭವನ್ನು ಒಂದೇ ಭಾಗಾಕಾರದಲ್ಲಿ ಕಳೆದುಕೊಳ್ಳುವುದು ಜಾಣತನವಲ್ಲ.

ಮೂಲ ಎನ್ನುವುದೂ ಸದಾ ಒಂದೇ ಅಳತೆಯಲ್ಲಿ ಇದ್ದದ್ದಲ್ಲ. ಪ್ರಶ್ಯದಲ್ಲಿ ರೈಸ್‌ವಿಟ್ಜ್ 1824ರಲ್ಲಿ ಸೇನಾಧಿಕಾರಿಗಳ ಮುಂದಿಟ್ಟ ಆಟದಲ್ಲಿ ಸೈನಿಕರೇ ಇರಲಿಲ್ಲ. 1:8000 ಪ್ರಮಾಣದ ನಕ್ಷೆಯ ಮೇಲೆ ತುಕಡಿಗಳನ್ನು ಸೂಚಿಸುವ ಬಿಲ್ಲೆಗಳಿದ್ದವು. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದಾಗ ಆಟ ಮನೆಯ ನೆಲದ ಮೇಲೆ ಹರಡಿಕೊಂಡಿತ್ತು, ಸ್ಪ್ರಿಂಗಿನ ಆಟಿಕೆ ತೋಪು ನಿಜವಾಗಿಯೂ ಮರದ ಗುಂಡು ಹಾರಿಸಿ ಬೊಂಬೆ ಬೀಳಿಸುತ್ತಿತ್ತು. ಗುಂಡಿನ ದೂರವನ್ನು ಅಲ್ಲಿ ಪುಸ್ತಕ ಹೇಳಬೇಕಿರಲಿಲ್ಲ, ಸ್ಪ್ರಿಂಗೇ ಹೇಳುತ್ತಿತ್ತು. ನಕ್ಷೆಯಿಂದ ನೆಲಕ್ಕೆ, ನೆಲದಿಂದ ಮೇಜಿಗೆ ಬಂದ ಆಟ ಪ್ರತಿಸಲವೂ ಆಡುವ ಜಾಗ ನೋಡಿಕೊಂಡು ಹೊಸ ಅಳತೆ ಹೊಲಿಸಿಕೊಂಡಿದೆ. ನಮ್ಮ ಊಟದ ಮೇಜು ಆ ಸಾಲಿನಲ್ಲಿ ಮುಂದಿನದು, ಅಷ್ಟೆ.

ಬೊಂಬೆ ಮಾಡುವವರಿಗೆ ಇದು ಮೊದಲಿಂದಲೂ ಗೊತ್ತು. ಈಗ ಮನೆಯಲ್ಲೇ ರೆಸಿನ್ ಪ್ರಿಂಟರ್ ಇಟ್ಟುಕೊಂಡವರು 28 ಮಿ.ಮೀ. ಬೊಂಬೆಯ ಕಡತವನ್ನು ಕಂಪ್ಯೂಟರಿನಲ್ಲಿ ಶೇ. 50ಕ್ಕೆ ಇಳಿಸಿ ಮುದ್ರಿಸಬಹುದು. ರೆಸಿನ್ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಒಪ್ಪೋಣ. ಆದರೆ ಒಂದು ಮಿ.ಮೀ. ದಪ್ಪದ ಈಟಿ ಅರ್ಧ ಮಿ.ಮೀ. ಆಗಿ, ಕೈ ತಾಗಿದರೆ ಮುರಿಯುತ್ತದೆ. ಮುಖ ಅಳಿಸಿದಂತೆ ಕಾಣುತ್ತದೆ. ಸಣ್ಣ ಬೊಂಬೆಗಳನ್ನೇ ಕೆತ್ತುವ ಕಸುಬುದಾರರು ಹಾಗೆ ಮಾಡುವುದಿಲ್ಲ. ತಲೆ ಕೊಂಚ ದಪ್ಪ, ಅಂಗೈ ದಪ್ಪ, ಕತ್ತಿ ಇರಬೇಕಾದ್ದಕ್ಕಿಂತ ಅಗಲ. ಬಣ್ಣವನ್ನೂ ಒಂದು ಪಟ್ಟು ಗಾಢವಾಗಿ, ನೆರಳು ಬೆಳಕು ಎದ್ದು ಕಾಣುವಂತೆ ಬಳಿಯುತ್ತಾರೆ. ಅಳತೆಪಟ್ಟಿಗೆ ಇದು ತಪ್ಪು, ಎರಡಡಿ ದೂರದಿಂದ ನೋಡುವ ಕಣ್ಣಿಗೆ ಸರಿ. ಅಂದಹಾಗೆ ‘ಮಿನಿಯೇಚರ್’ ಪದಕ್ಕೂ ‘ಮಿನಿ’ಗೂ ಹುಟ್ಟಿನಲ್ಲಿ ನಂಟಿಲ್ಲ. ಲ್ಯಾಟಿನ್ನಿನಲ್ಲಿ ಮಿನಿಯಮ್ ಎಂದರೆ ಹಸ್ತಪ್ರತಿಗಳಿಗೆ ಬಳಿಯುತ್ತಿದ್ದ ಸಿಂಧೂರದಂಥ ಕೆಂಪು ಬಣ್ಣ. ಆ ಚಿತ್ರಗಳು ಸಣ್ಣವಾಗಿದ್ದವೆಂದು ಸಣ್ಣತನದ ಅರ್ಥ ಆಮೇಲೆ ಅಂಟಿಕೊಂಡಿತು. ಬೊಂಬೆಯನ್ನೇ ಭಾಗಿಸದೆ ಹೊಸದಾಗಿ ಕೆತ್ತುವಾಗ ನಿಯಮವನ್ನು ಮಾತ್ರ ಭಾಗಿಸಿ ಕೈತೊಳೆದುಕೊಳ್ಳುವುದೇಕೆ?

ಇನ್ನೊಂದು ವಿಷಯ ಬೆರಳು. ಬೊಂಬೆ ಕುಗ್ಗುತ್ತದೆ, ಬೆರಳು ಕುಗ್ಗುವುದಿಲ್ಲ. ಒಂದು ಗುಂಪಿನವರು ಪರಸ್ಪರ ಒಂದು ಇಂಚಿನೊಳಗೆ ನಿಲ್ಲಬೇಕು ಎಂಬ ನಿಯಮ ಅನೇಕ ಆಟಗಳಲ್ಲಿದೆ. ಅದು ಒಂದು ಸೆಂಟಿಮೀಟರ್ ಆದರೆ ಹೆಬ್ಬೆರಳು ತೂರುವಷ್ಟೂ ಎಡೆ ಇರದು. ಒಂದನ್ನು ಎತ್ತಲು ಹೋದರೆ ಪಕ್ಕದ ಮೂವರು ಮಗುಚಿ ಬೀಳುತ್ತಾರೆ, ಯಾರು ಎಲ್ಲಿದ್ದರು ಎಂಬ ಬಗ್ಗೆ ಮೇಜಿನಾಚೆ ನಿಜವಾದ ಚಕಮಕಿ ಶುರುವಾಗುತ್ತದೆ. ಬೊಂಬೆಯ ಕಣ್ಣಿನ ಮಟ್ಟಕ್ಕೆ ಬಗ್ಗಿ ‘ಇವನಿಗೆ ಅವನು ಕಾಣುತ್ತಾನೆಯೇ’ ಎಂದು ನೋಡುವ ನಿಯಮವಂತೂ 10 ಮಿ.ಮೀ. ಬೊಂಬೆಗೆ ನಡೆಯುವುದಿಲ್ಲ, ನಮ್ಮ ಮೂಗೇ ಕಾಡಿಗಿಂತ ದೊಡ್ಡದು. ಅಲ್ಲಿ ಹಸಿರು ಬಟ್ಟೆಯ ತುಂಡೊಂದನ್ನು ಹಾಸಿ, ಇದರೊಳಗೆ ಇರುವವರೆಲ್ಲ ಕಾಡಿನಲ್ಲಿದ್ದಾರೆ, ಅಂಚಿನಲ್ಲಿ ನಿಂತವರು ಮಾತ್ರ ಕಾಣುತ್ತಾರೆ ಎಂದು ಬರೆದುಕೊಳ್ಳಬೇಕು. ಸೂರತ್ತಿನಲ್ಲಿ ಬಟ್ಟೆಯ ತುಂಡಿಗೇನು ಬರ!

ಅಳತೆ ಬದಲಿಸುವಾಗ ಏನನ್ನು ಬಿಡಬಹುದು, ಏನನ್ನು ಬಿಡಬಾರದು ಎನ್ನುವುದಕ್ಕೆ ಒಳ್ಳೆಯ ಪಾಠ ನಮ್ಮ ಪಕ್ಕದಲ್ಲೇ ಇದೆ. ಹಜೀರಾದಿಂದ ಸ್ವಲ್ಪ ದೂರಕ್ಕೆ ಕಪ್ಪು ಮರಳಿನ ಸುವಾಲಿ ತೀರ. ಇಂಗ್ಲಿಷರ ಕಾಗದಪತ್ರಗಳಲ್ಲಿ ಸ್ವಾಲಿ. 1612ರ ನವೆಂಬರ್ ಕೊನೆಯಲ್ಲಿ ಥಾಮಸ್ ಬೆಸ್ಟ್ ಎಂಬ ಕಪ್ತಾನ ರೆಡ್ ಡ್ರ್ಯಾಗನ್ ಮತ್ತು ಹೊಸಿಯಾಂಡರ್ ಎಂಬ ಎರಡೇ ಹಡಗುಗಳೊಂದಿಗೆ ಪೋರ್ಚುಗೀಸರ ನಾಲ್ಕು ದೊಡ್ಡ ಗ್ಯಾಲಿಯನ್‌ಗಳನ್ನೂ ಅವುಗಳ ಜೊತೆಗಿದ್ದ ಸಣ್ಣ ದೋಣಿಗಳ ಹಿಂಡನ್ನೂ ಇಲ್ಲಿ ಎದುರಿಸಿದ. ಖಂಭಾತ್ ಕೊಲ್ಲಿಯ ಭರತ ಇಳಿತ ದೇಶದಲ್ಲೇ ಅತಿ ಹೆಚ್ಚಿನ ಸಾಲಿಗೆ ಸೇರಿದ್ದು, ನೀರಿನಡಿಯಲ್ಲಿ ಮರಳದಿಬ್ಬಗಳು. ಎರಡನೇ ದಿನ ಗ್ಯಾಲಿಯನ್‌ಗಳಲ್ಲಿ ಮೂರು ಮರಳಿಗೆ ಹತ್ತಿ ಕೂತವು. ಕಡಿಮೆ ಆಳದಲ್ಲೂ ಓಡಾಡಬಲ್ಲ ಪುಟ್ಟ ಹೊಸಿಯಾಂಡರ್ ಅವುಗಳ ಸುತ್ತ ಸುಳಿದಾಡಿ ಗುಂಡು ಹಾರಿಸಿತು. ಆಮೇಲೆ ಭರತ ಬಂದಾಗ ಅವು ಬಿಡಿಸಿಕೊಂಡವು ಎನ್ನಿ. ಜಹಾಂಗೀರನ ಫರ್ಮಾನು ಬಂದು 1613ರ ಹೊತ್ತಿಗೆ ಸೂರತ್ತಿನಲ್ಲಿ ಇಂಗ್ಲಿಷರ ಕೋಠಿ ನೆಲೆಗೊಂಡದ್ದರ ಹಿಂದೆ ಈ ಕಾಳಗವೂ ಇತ್ತು.

ಇದನ್ನು ಮೇಜಿನ ಮೇಲೆ ಆಡಬೇಕೆಂದಿಟ್ಟುಕೊಳ್ಳಿ. ಹಡಗು ಅಂಗೈಯಷ್ಟಿರಲಿ, ಉಗುರಿನಷ್ಟಿರಲಿ, ತೋಪಿನ ದೂರ ಎಂಟಿಂಚೋ ನಾಲ್ಕಿಂಚೋ ಆಗಲಿ, ಕಾಳಗದ ಕಥೆ ಕೆಡುವುದಿಲ್ಲ. ಆದರೆ ಯಾವ ಹಡಗಿಗೆ ಎಷ್ಟು ಆಳದ ನೀರು ಬೇಕು, ಯಾವ ಸರದಿಯಲ್ಲಿ ನೀರು ಇಳಿಯುತ್ತದೆ ಎಂಬ ನಿಯಮ ಬಿಟ್ಟರೆ ಸುವಾಲಿ ಹೋಯಿತು. ಉಳಿದದ್ದು ಎಲ್ಲೋ ಒಂದು ಸಮುದ್ರದಲ್ಲಿ ಎರಡಕ್ಕೆ ನಾಲ್ಕರ ಹೊಡೆದಾಟ. ದೊಡ್ಡ ಮಾದರಿಯ ಹಡಗಿಗೆ ಬರೆದ ನಿಯಮಗಳಲ್ಲಿ ಹಾಯಿ, ಹಗ್ಗ, ತೋಪಿನ ಸಾಲುಗಳ ವಿವರ ಪುಟಗಟ್ಟಲೆ ಇರುತ್ತದೆ. ಸಣ್ಣದಕ್ಕೆ ಇಳಿದಾಗ ಅವುಗಳಲ್ಲಿ ಮುಕ್ಕಾಲು ಪಾಲನ್ನು ಬಿಡಬಹುದು. ಆಳದ ನಿಯಮ ಒಂದೇ ಸಾಲಿನದ್ದಾದರೂ ಬಿಡುವಂತಿಲ್ಲ. ಯಾವುದು ಆ ಒಂದು ಸಾಲು ಎಂದು ಹುಡುಕುವುದೇ ಒಗ್ಗಿಸುವವರ ಕೆಲಸ, ಅದನ್ನು ಟೇಪು ಹುಡುಕಿಕೊಡುವುದಿಲ್ಲ.

ನೆಲದ ಮೇಲಿನ ಚಕಮಕಿ ಆಟದಲ್ಲಿ ಆ ಒಂದು ಸಾಲು ಯಾವುದು? ನಾನು ಆಗಲೇ ಹೇಳಿದ್ದು: ಒಂದು ಬೊಂಬೆ, ಒಬ್ಬ ಮನುಷ್ಯ. ಬೊಂಬೆ ಸಣ್ಣದಾದೊಡನೆ ಎಲ್ಲರಿಗೂ ಬರುವ ಆಸೆ ಒಂದೇ ಪೀಠದ ಮೇಲೆ ನಾಲ್ಕೈದು ಜನರನ್ನು ಅಂಟಿಸುವುದು. ಎತ್ತಿಡಲು ಸುಲಭ, ನೋಡಲೂ ಗುಂಪು ತುಂಬಿದಂತೆ ಚಂದ. ಯಾರಾದರೂ ಸತ್ತರೆ ಪಕ್ಕದಲ್ಲಿ ಒಂದು ಪುಟ್ಟ ದಾಳ ಇಟ್ಟು ಲೆಕ್ಕ ಹಿಡಿಯುತ್ತಾರೆ. ನಮ್ಮ ಕಾಲೊನಿಯ ಮಕ್ಕಳ ಮುಂದೆ ಇಂಥ ಪೀಠಗಳನ್ನಿಟ್ಟಾಗ, ಧಾರವಾಡದ ಕಡೆಯವರ ಹತ್ತು ವರ್ಷದ ಹುಡುಗಿ ಒಂದು ಪೀಠವನ್ನು ಕಣ್ಣ ಹತ್ತಿರ ಹಿಡಿದು, “ಅಕ್ಕಾ, ಇವ್ರಾಗ ಸತ್ತಾಂವ ಯಾವಾಂವ?” ಎಂದು ಕೇಳಿದಳು. ನಿಯಮದ ಪ್ರಕಾರ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಐದರಲ್ಲಿ ಒಂದು ಕಳೆದಿದೆ, ಅಷ್ಟೆ. ಚಕಮಕಿ ಆಟ ಅಲ್ಲಿಗೆ ಮುಗಿದು ಸೈನ್ಯದ ಆಟ ಶುರುವಾಗಿರುತ್ತದೆ, ಆಡುತ್ತಿರುವವರಿಗೆ ಅದು ಗೊತ್ತಾಗಿರುವುದಿಲ್ಲ.

ನಮ್ಮ ನಾಡಿನಲ್ಲಿ ಸಣ್ಣ ಕಾಳಗಗಳ ದಾಖಲೆ ಇರುವುದು ವೀರಗಲ್ಲುಗಳಲ್ಲಿ. ತುರುಗೋಳಿನಲ್ಲಿ ಊರ ದನ ಬಿಡಿಸಲು ಹೋಗಿ ಸತ್ತವನು, ಗಡಿಯ ಜಗಳದಲ್ಲಿ ಮಡಿದವನು. ಸಾಮ್ರಾಜ್ಯದ ಇತಿಹಾಸದಲ್ಲಿ ಇವರು ಒಂದು ಪದಕ್ಕೂ ಬಾಳುವವರಲ್ಲ, ಕಲ್ಲಿನ ಮೇಲೆ ಮಾತ್ರ ಹೆಸರಿದೆ. ಬೇಗೂರಿನಲ್ಲಿ ಸಿಕ್ಕ, ಒಂಬತ್ತನೇ ಶತಮಾನದ ಕೊನೆಯದೆಂದು ಹೇಳುವ ಶಾಸನ ಬೆಂಗಳೂರು ಎಂಬ ಹೆಸರಿನ ಹಳಮೆಗೆ ಸಾಕ್ಷಿಯೆಂದು ಪ್ರಸಿದ್ಧ. ಅದು ಹೇಳುತ್ತಿರುವುದು ಬೆಂಗಳೂರಿನ ಕಾಳಗದಲ್ಲಿ ಸತ್ತವರೊಬ್ಬರ ಸುದ್ದಿಯನ್ನು. ಗುಜರಾತಿನಲ್ಲೂ ಇಂಥ ಕಲ್ಲುಗಳಿವೆ, ಇಲ್ಲಿ ಪಾಳಿಯಾ ಎನ್ನುತ್ತಾರೆ; ಕಛ್ ಮತ್ತು ಸೌರಾಷ್ಟ್ರದ ಊರ ಹೊರಗೆ ಕುದುರೆಯೇರಿದ ವೀರರ ಸಾಲು ಸಾಲು ಪಾಳಿಯಾಗಳು. ವೀರಗಲ್ಲಿನ ಶಿಲ್ಪಿಗೂ ಪ್ರಮಾಣದ ಸಮಸ್ಯೆ ಇತ್ತು. ಒಂದು ಗೇಣು ಪಟ್ಟಿಕೆಯಲ್ಲಿ ಇಡೀ ಕಾಳಗ ಕೂರಿಸಬೇಕು. ಆತ ಎಲ್ಲರನ್ನೂ ಸಮನಾಗಿ ಕುಗ್ಗಿಸಲಿಲ್ಲ. ಸತ್ತವನನ್ನು ದೊಡ್ಡದಾಗಿಯೇ ಉಳಿಸಿ, ಉಳಿದವರನ್ನು ಸಿಕ್ಕ ಜಾಗದಲ್ಲಿ ಹಿಡಿಸಿದ. ಯಾರನ್ನು ಗುರುತಿಸಬೇಕೋ ಅವರ ಗುರುತು ಕೆಡಬಾರದು ಎಂಬುದು ಆತನ ನಿಯಮ. ಆಟಕ್ಕೂ ನಾನು ಬೇಡುವುದು ಅಷ್ಟೇ.

ನನ್ನ ವಾದಕ್ಕೆ ಎದುರು ವಾದ ಇಲ್ಲವೆಂದಲ್ಲ. ಇಂಚಿಗೆ ಸೆಂಟಿಮೀಟರ್ ಇಡುವವರು ಹೇಳುವುದು ಸಮತೋಲದ ಮಾತು. ನಡಿಗೆ, ಗುಂಡಿನ ದೂರ, ಮೇಜು ಎಲ್ಲವೂ ಒಂದೇ ಪಾಲಿನಲ್ಲಿ ಇಳಿದರೆ ಆಟದ ತೂಕ ತಪ್ಪುವುದಿಲ್ಲ. ಆರಡಿ ನಾಲ್ಕಡಿಯ ಮೇಜು 72ಕ್ಕೆ 48 ಸೆಂ.ಮೀ. ಆಗಿ ಟೀಪಾಯಿಯ ಮೇಲೂ ಹಿಡಿಯುತ್ತದೆ. 10-12 ಮಿ.ಮೀ. ಬೊಂಬೆ, ತೀರಾ ಕಡಿಮೆ ಜಾಗ ಎಂದಾದರೆ ಇದು ಬೇಡವೆನ್ನಲಾರೆ. ಆದರೆ ಎಲ್ಲವೂ ಒಂದೇ ಪಾಲಿನಲ್ಲಿ ಇಳಿದರೆ ಎನ್ನುವ ಆ ‘ಆದರೆ’ಯೇ ಈಡೇರುವುದಿಲ್ಲ. ಬೆರಳು ಇಳಿಯುವುದಿಲ್ಲ, ದಾಳ ಇಳಿಯುವುದಿಲ್ಲ, ಕಣ್ಣು ಇಳಿಯುವುದಿಲ್ಲ. ಇನ್ನು ಕೆಲವರು, ಸಣ್ಣ ಬೊಂಬೆಯ ಸೊಗಸೇ ಸಾವಿರ ಜನರ ಸಾಲಿನಲ್ಲಿದೆ, ಹತ್ತು ಜನರನ್ನು ಆಡಿಸಲು ಅಕ್ಕಿಕಾಳು ಏಕೆ ಎನ್ನುತ್ತಾರೆ. ಸಾವಿರ ಜನರ ಸೊಗಸು ನನಗೂ ಇಷ್ಟ. ಅದಕ್ಕೆ ಬೇರೆ ನಿಯಮಗಳಿವೆ. ಅಲ್ಲಿ ಗಾಯದ ಲೆಕ್ಕಕ್ಕಿಂತ ಗುಂಪಿನ ಧೈರ್ಯದ ಲೆಕ್ಕ ಮುಖ್ಯ. ಚಕಮಕಿಯ ಪುಸ್ತಕವನ್ನೇ ಹಿಗ್ಗಿಸಿ ಅದನ್ನು ಆಡಬೇಡಿ ಎಂದಷ್ಟೇ ನನ್ನ ತಕರಾರು.

ಹಾಗಾದರೆ ಏನು ಮಾಡಬೇಕು? ನಾನು ಮಕ್ಕಳಿಗಾಗಿ ಕನ್ನಡದಲ್ಲೊಂದು, ಹಿಂದಿಯಲ್ಲೊಂದು ಎಂದು ಎರಡೆರಡು ಪುಟದ ನಿಯಮ ಬರೆದಿದ್ದೇನೆ. ಅದರ ಸಾರ ಇಷ್ಟು. ದೂರಗಳನ್ನು ಬೊಂಬೆಯ ಪ್ರಮಾಣದಿಂದ ಭಾಗಿಸಬೇಡಿ, ಮೇಜಿನ ಪ್ರಮಾಣದಿಂದ ಇಳಿಸಿ. ಪುಸ್ತಕದ ಮೇಜು ಆರಡಿ, ನಿಮ್ಮದು ನಾಲ್ಕಡಿ ಎಂದರೆ ಮೂರರಲ್ಲಿ ಎರಡು ಪಾಲು: 24 ಇಂಚಿನ ರೈಫಲ್ಲು 16, ಆರಿಂಚಿನ ನಡಿಗೆ ನಾಲ್ಕು. 12 ಮಿ.ಮೀ. ಬೊಂಬೆಗೆ ಈ 16 ಇಂಚು ನೆಲದ ಮೇಲೆ 58 ಮೀಟರ್ ದಾಟುತ್ತದೆ, ಮೂಲದ 34ಕ್ಕಿಂತ ಎಷ್ಟೋ ವಾಸಿ. ಒಂದಿಂಚು, ಎರಡಿಂಚು ಎಂಬ ಹತ್ತಿರದ ದೂರಗಳನ್ನು ಮುಟ್ಟಲೇಬೇಡಿ, ಅವು ಬೆರಳಿಗಾಗಿ ಇರುವಂಥವು. ಕಣ್ಣಳತೆಯ ನೋಟ ಬಿಟ್ಟು ಬಟ್ಟೆಯ ತುಂಡಿನ ಕಾಡಿಗೆ ಬನ್ನಿ. ಬೊಂಬೆಗಳನ್ನು ಒಂದೊಂದಾಗಿಯೇ ನಿಲ್ಲಿಸಿ, 10 ಮಿ.ಮೀ. ಬೊಂಬೆಗೆ ಅಂಗಿಯ ಗುಂಡಿಗಿಂತ ಒಳ್ಳೆಯ ಪೀಠ ನಾನು ಕಂಡಿಲ್ಲ, ಒಂದು ಪೊಟ್ಟಣ ಗುಂಡಿಗೆ ಒಂದು ಪ್ಲೇಟು ಲೋಚೋ ತಿನ್ನುವಷ್ಟು ದುಡ್ಡು ಸಾಕು. ಗುಂಡಿಯ ಅಂಚಿಗೆ ಒಂದೊಂದು ಬಣ್ಣ ಬಳಿಯಿರಿ. ಹಾಳೆಯ ಮೇಲೆ ಆ ಬಣ್ಣದೆದುರು ಒಂದು ಹೆಸರು ಬರೆಯಿರಿ.

ಕೊನೆಗೆ ಊರಿನ ಹೆಸರಿನ ಬಗ್ಗೆ ಒಂದು ಮಾತು. ಅರಬ್ಬಿಯಲ್ಲಿ ಹಜೀರಾ ಎಂದರೆ ಬೇಲಿ ಕಟ್ಟಿದ ಜಾಗ, ಆವರಣ. ಗುಜರಾತಿಗೆ ಬಂದು ಅದು ಗೋರಿಯಾಯಿತು. ಅಹಮದಾಬಾದಿನಲ್ಲಿ ಬಾದಶಾಹನ ಹಜೀರೋ, ರಾಣಿಯ ಹಜೀರೋ ಇವೆ. ವಡೋದರಾದಲ್ಲಿ ಜಹಾಂಗೀರನ ಗುರುವಾಗಿದ್ದ ಕುತ್ಬುದ್ದೀನ್ ಮಹಮ್ಮದ್ ಖಾನನ ಸಮಾಧಿಯೂ ಹಜೀರಾ. ಇಲ್ಲಿ ಅದು ಬಂದರು ಮತ್ತು ಕಾರ್ಖಾನೆಗಳ ಊರು. ಒಂದೇ ಪದ ಹೋದಲ್ಲೆಲ್ಲ ಆ ಜಾಗಕ್ಕೆ ತಕ್ಕ ಅಳತೆ ತಳೆದಿದೆ, ಪದ ಮಾತ್ರ ಗುರುತು ಸಿಗುವಂತೆ ಉಳಿದಿದೆ. ನಿಯಮಗಳನ್ನು ಕನ್ನಡಕ್ಕೆ ತರುವವರು, ಚಿಕ್ಕದಕ್ಕೆ ಇಳಿಸುವವರು ಅದೇ ಧೈರ್ಯ ಮಾಡಬೇಕು. ನೀವು ಶುರುಮಾಡುವುದಾದರೆ ಬೊಂಬೆ ಕೊಳ್ಳಲು ಅವಸರ ಬೇಡ. ಮೊದಲು ಮನೆಯ ಮೇಜಿನ ಉದ್ದಗಲ ಅಳೆದುಕೊಳ್ಳಿ. ಆಮೇಲೆ ಹತ್ತು ಹೆಸರು ಬರೆದುಕೊಳ್ಳಿ. ಯಾವ ಅಳತೆಯ ಬೊಂಬೆ ಬೇಕು ಎಂಬುದು ಆ ಎರಡರಿಂದಲೇ ತಿಳಿಯುತ್ತದೆ.